ರಿಸರ್ಚ್ ಪ್ರಾಜೆಕ್ಟ್‌ಗೆ ಪಾಲುದಾರರು ಬೇಕು: ಎಲ್ಲಿ ಹುಡುಕುವುದು, ಹೇಗೆ ಮಾತಾಡುವುದು?

ಕೇಳಿದವರು, ನೆಲಮಂಗಲ ಕಡೆಯ ಇಂಜಿನಿಯರಿಂಗ್ ಕಾಲೇಜು ಮೇಷ್ಟ್ರು:
ಕೆರೆ ನೀರಿನ ಗುಣಮಟ್ಟ ಅಳೆಯುವ ಕಡಿಮೆ ಖರ್ಚಿನ ಸೆನ್ಸರ್ ಮಾಡಿದ್ದೇವೆ. ಕೇಂದ್ರ ಸರ್ಕಾರದ ಅನುದಾನಕ್ಕೆ ಅರ್ಜಿ ಹಾಕಬೇಕು. ಇನ್ನೊಂದು ಸಂಶೋಧನಾ ಸಂಸ್ಥೆ, ಜೊತೆಗೆ ಕೆರೆ ಹತ್ತಿರ ಕೆಲಸ ಮಾಡುವವರು ಯಾರಾದರೂ ಇರಲೇಬೇಕಂತೆ. ದೊಡ್ಡ ಸಂಸ್ಥೆಗಳ ಪ್ರೊಫೆಸರ್‌ಗಳಿಗೆ ಮೇಲ್ ಹಾಕಿದರೆ ಉತ್ತರವೇ ಇಲ್ಲ. ಯಾರ ಪರಿಚಯವೂ ಇಲ್ಲ. ನಿಮ್ಮ ಅನುಭವ ಹೇಳುತ್ತೀರಾ?

ಯಶವಂತಪುರದಿಂದ:
ಮೇಷ್ಟ್ರೇ, ನಮ್ಮ ಲ್ಯಾಬ್‌ಗೆ ಇಂಥ ಮೇಲ್ ರಾಶಿ ಬರುತ್ತವೆ. ಮೊದಲು ತೆರೆದು ನೋಡುವವಳು ನಾನೇ. ಹೆಚ್ಚಿನವು ಒಂದೇ ಅಚ್ಚು. ‘ಗೌರವಾನ್ವಿತ ಸರ್, ನಮ್ಮ ಕಾಲೇಜು ಇಂಥ ವರ್ಷ ಸ್ಥಾಪನೆಯಾಯಿತು, ನಿಮ್ಮ ಸಹಯೋಗ ಬಯಸುತ್ತೇವೆ, ಪ್ರಪೋಸಲ್ ಲಗತ್ತಿಸಿದೆ.’ ಲಗತ್ತು ನಲವತ್ತು ಪುಟ. ಕೊನೆ ದಿನ ಮುಂದಿನ ಶುಕ್ರವಾರ! ಇದಕ್ಕೆ ಯಾರು ಉತ್ತರ ಕೊಡುತ್ತಾರೆ ಹೇಳಿ?

ಒಬ್ಬ ಲೆಕ್ಚರರ್ ಬರೆದದ್ದು ನೆನಪಿದೆ. ‘ನೈಟ್ರೇಟ್ ಅಳೆಯಲು ನಿಮ್ಮ ಪೇಪರ್‌ನಲ್ಲಿರುವ ವಿಧಾನ ನೋಡಿದೆ. ಕೊಳಚೆ ಜಾಸ್ತಿ ಇರುವ ನೀರಿನಲ್ಲಿ ನಮ್ಮ ಸೆನ್ಸರ್ ತಪ್ಪು ತೋರಿಸುತ್ತಿದೆ. ಐದು ಸ್ಯಾಂಪಲ್ ನಿಮ್ಮಲ್ಲಿ ಪರೀಕ್ಷೆ ಮಾಡಿಸಬಹುದಾ? ಖರ್ಚು ನಾವು ಕೊಡುತ್ತೇವೆ.’ ಅಷ್ಟೇ. ನಮ್ಮ ಸರ್ ಅವತ್ತೇ ಫೋನ್ ಮಾಡಿದರು. ಪ್ರಾಜೆಕ್ಟ್ ಮಾತು ಬಂದದ್ದು ಆಮೇಲೆ, ಅದೂ ನಮ್ಮ ಕಡೆಯಿಂದ.

ಇನ್ನೊಂದು ಮಾತು. ಡೈರೆಕ್ಟರ್‌ಗೆ ಬರೆಯಬೇಡಿ. ಹೊಸದಾಗಿ ಸೇರಿದ ಫ್ಯಾಕಲ್ಟಿಗೆ ಬರೆಯಿರಿ. ಅವರಿಗೂ ಪ್ರಾಜೆಕ್ಟ್ ಬೇಕಿರುತ್ತದೆ.

ಹೆಬ್ಬಾಳದಿಂದ:
ಬೆಂಗಳೂರಿನ ಪಕ್ಕದಲ್ಲೇ ಇದ್ದುಕೊಂಡು ಪರಿಚಯ ಇಲ್ಲ ಅಂದರೆ ಹೇಗೆ ಸರ್? ಐಐಎಸ್‌ಸಿ ಓಪನ್ ಡೇಗೆ ಹೋಗಿ. ಜಾತ್ರೆ ಥರ ಜನ, ನೆಟ್ಟಗೆ ಮಾತಾಡಲು ಆಗುವುದಿಲ್ಲ ನಿಜ. ಆದರೆ ಯಾರ ಲ್ಯಾಬ್‌ನಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗುತ್ತದೆ. ಜಿಕೆವಿಕೆ ಕೃಷಿ ಮೇಳ ಇನ್ನೂ ವಾಸಿ. ಸ್ಟಾಲ್‌ನಲ್ಲಿ ನಿಂತಿರುವ ಪಿಎಚ್‌ಡಿ ಹುಡುಗರನ್ನು ಮಾತಾಡಿಸಿ. ಅವರ ಗೈಡ್‌ಗೆ ವಿಷಯ ಮುಟ್ಟಿಸಲು ಅದಕ್ಕಿಂತ ಹತ್ತಿರದ ದಾರಿ ಇಲ್ಲ.

ಮನೆಯಲ್ಲೇ ಕೂತು ಹುಡುಕುವುದಾದರೆ ವಿದ್ವಾನ್ ಪೋರ್ಟಲ್‌ನಲ್ಲಿ ವಿಷಯದ ಪ್ರಕಾರ ಪರಿಣತರು ಸಿಗುತ್ತಾರೆ. ಐ-ಸ್ಟೆಮ್‌ನಲ್ಲಿ ಯಾವ ಉಪಕರಣ ಯಾವ ಸಂಸ್ಥೆಯಲ್ಲಿದೆ ಅಂತ ಇರುತ್ತದೆ, ಹೊರಗಿನವರೂ ಬುಕ್ ಮಾಡಬಹುದು. ಮೇಲೆ ಮೇಡಂ ಹೇಳಿದ ಸ್ಯಾಂಪಲ್ ಪರೀಕ್ಷೆಗೆ ಇದೇ ಸಲೀಸು. ಹಾಗೇ, ಯಾರದೋ ಹಳೆ ಎಸ್‌ಇಆರ್‌ಬಿ (ಸಂಶೋಧನೆಗೆ ಅನುದಾನ ಕೊಡುತ್ತಿದ್ದ ಕೇಂದ್ರದ ಮಂಡಳಿ) ಪ್ರಪೋಸಲ್ ನೋಡಿ ಬರೆಯಬೇಡಿ. 2023ರ ಕಾಯ್ದೆ ಬಂದ ಮೇಲೆ ಆ ಮಂಡಳಿ ಎಎನ್‌ಆರ್‌ಎಫ್ ಅನ್ನುವ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ಸೇರಿಹೋಗಿದೆ. ಈಗಿನ ಕಾಲ್‌ನಲ್ಲಿ, ಅಂದರೆ ಅರ್ಜಿ ಕರೆದ ಪ್ರಕಟಣೆಯಲ್ಲಿ, ಏನು ಕೇಳಿದ್ದಾರೋ ಅದನ್ನೇ ಓದಿ.

ಕೆಂಗೇರಿಯಿಂದ, ಅಕೌಂಟ್ಸ್ ಸೆಕ್ಷನ್‌ನಲ್ಲಿದ್ದು ನಿವೃತ್ತನಾದವನು:
ಎಲ್ಲರೂ ಪ್ರೊಫೆಸರ್ ಹುಡುಕುತ್ತೀರಿ. ಆ ಸಂಸ್ಥೆಯ ಅಕೌಂಟ್ಸ್ ಸೆಕ್ಷನ್ ಹೇಗಿದೆ ಅಂತ ಮಾತ್ರ ಯಾರೂ ವಿಚಾರಿಸುವುದಿಲ್ಲ.

ಸರ್ಕಾರದ ಹಣ ಕಂತಿನಲ್ಲಿ ಬರುತ್ತದೆ. ಮಾರ್ಚ್ 31ಕ್ಕೆ ವರ್ಷ ಮುಗಿಯಿತು ಅಂದರೆ ಯುಸಿ ಕೊಡಬೇಕು, ಅಂದರೆ ಹಣ ಬಳಸಿದ ಪ್ರಮಾಣಪತ್ರ. ಕೇಂದ್ರದ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆ. ಅದರ ಜೊತೆ ಖರ್ಚಿನ ವಿವರ. ಇದು ಹೋಗದೆ ಮುಂದಿನ ಕಂತು ಬರುವುದಿಲ್ಲ. ನಮ್ಮಲ್ಲಿ ಒಂದು ಜಂಟಿ ಪ್ರಾಜೆಕ್ಟ್ ಇತ್ತು. ಪಾಲುದಾರ ಸಂಸ್ಥೆಯ ಯುಸಿ ಬರಲಿಲ್ಲ, ನಮ್ಮ ಕಂತೂ ನಿಂತಿತು. ಪ್ರಾಜೆಕ್ಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕಿ) ಆಗಿದ್ದ ಹುಡುಗಿಗೆ ತಿಂಗಳುಗಟ್ಟಲೆ ಫೆಲೋಶಿಪ್ ಇಲ್ಲ, ಪಿಜಿ ಬಾಡಿಗೆಗೆ ಊರಿಂದ ದುಡ್ಡು ತರಿಸಿಕೊಂಡಳು. ಆ ಕಡೆಯ ಪ್ರೊಫೆಸರ್ ಒಳ್ಳೆಯವರೇ. ಕೇಳಿದಾಗಲೆಲ್ಲ ‘ಫೈಲ್ ಮೂವ್ ಆಗಿದೆ’ ಅನ್ನುತ್ತಿದ್ದರು. ಫೈಲ್ ಮೇಜು ಬಿಟ್ಟು ಕದಲಿರಲಿಲ್ಲ.

ಅದಕ್ಕೇ, ಪ್ರಪೋಸಲ್‌ಗೆ ಸಹಿ ಹಾಕುವ ಮೊದಲೇ ಕೇಳಿ. ಹಣ ಎರಡೂ ಸಂಸ್ಥೆಗೆ ನೇರವಾಗಿ ಬರುತ್ತದೋ, ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಹೋಗುತ್ತದೋ? ಉಪಕರಣ ಯಾರ ಹೆಸರಿನಲ್ಲಿ ಕೊಳ್ಳುವುದು? ಪ್ರಾಜೆಕ್ಟ್ ಮುಗಿದ ಮೇಲೆ ಅದು ಎಲ್ಲಿರುತ್ತದೆ? ಪೇಪರ್‌ನಲ್ಲಿ, ಪೇಟೆಂಟ್‌ನಲ್ಲಿ ಯಾರ ಹೆಸರು? ಕೇಳಲು ಸಂಕೋಚ ಆಗುತ್ತದೆ, ಗೊತ್ತು. ಆಮೇಲೆ ಜಗಳ ಆಡುವುದಕ್ಕಿಂತ ಈಗ ಸಂಕೋಚ ಪಡುವುದೇ ಮೇಲು ಅಲ್ವಾ? ಫೋನ್‌ನಲ್ಲಿ ಒಪ್ಪಿಕೊಂಡದ್ದನ್ನು ಅವತ್ತು ಸಂಜೆಯೊಳಗೆ ನಾಲ್ಕು ಸಾಲಿನ ಮೇಲ್ ಮಾಡಿ. ವಾಟ್ಸಾಪ್ ಮಾತು ಆಡಿಟ್‌ಗೆ ಬರುವುದಿಲ್ಲ.

ಕೆರೆ ಬಳಗದಿಂದ ಒಬ್ಬಳು:
‘ಕೆರೆ ಹತ್ತಿರ ಕೆಲಸ ಮಾಡುವವರು ಯಾರಾದರೂ’ ಅಂದಿರಲ್ಲ, ಆ ಯಾರಾದರೂ ನಾವೇ. ಒಂದು ಸಂಸ್ಥೆಯವರು ನಮ್ಮ ಬೆಂಬಲ ಪತ್ರ ತೆಗೆದುಕೊಂಡು ಹೋದರು. ಪ್ರಾಜೆಕ್ಟ್ ಬಂತು. ಬಜೆಟ್‌ನಲ್ಲಿ ನಮಗೆ ಒಂದು ರೂಪಾಯಿ ಇಲ್ಲ. ವಾರ ವಾರ ಬೆಳಗ್ಗೆ ಎದ್ದು ಬಾಟಲಿಗೆ ನೀರು ತುಂಬಿ, ಐಸ್ ಡಬ್ಬಿಯಲ್ಲಿಟ್ಟು ಸ್ಕೂಟರ್‌ನಲ್ಲಿ ತಲುಪಿಸಿದ್ದು ನಮ್ಮ ಹುಡುಗರು. ಪೆಟ್ರೋಲೂ ನಮ್ಮದೇ. ಕೊನೆಗೆ ಇಂಗ್ಲಿಷಿನಲ್ಲಿ ಒಂದು ಪಿಡಿಎಫ್ ಬಂತು. ಮೀನು ಹಿಡಿಯುವವರು ‘ನೀರು ಹೇಗಿದೆಯಂತೆ ಅಕ್ಕಾ?’ ಅಂದರೆ ಏನು ಹೇಳಲಿ?

ಪ್ರಪೋಸಲ್ ಬರೆಯುವಾಗಲೇ ನಮ್ಮನ್ನು ಕರೆಯಿರಿ. ಎಲ್ಲಿ ಕೊಳಚೆ ಸೇರುತ್ತದೆ, ಯಾವ ಮೂಲೆಯಲ್ಲಿ ಸೆನ್ಸರ್ ಇಟ್ಟರೆ ಉಳಿಯುತ್ತದೆ ಅಂತ ನಮಗೆ ಗೊತ್ತು. ಕೆರೆಯೊಳಗೆ ಏನನ್ನೇ ಇಳಿಸಲು ಇಲಾಖೆಯ ಅನುಮತಿ ಬೇಕು. ಅದನ್ನೂ ಈಗಲೇ ಶುರು ಮಾಡಿ.

ಜಯನಗರದಿಂದ:
ಮುಂದೆ ಯುರೋಪಿನ ಕಡೆ ಕಣ್ಣಿದ್ದರೆ: ಹೊರೈಜನ್ ಯುರೋಪ್ ಅನ್ನುವುದು ಯುರೋಪಿಯನ್ ಒಕ್ಕೂಟ ಸಂಶೋಧನೆಗೆ ಹಣ ಕೊಡುವ 2021ರಿಂದ 2027ರವರೆಗಿನ ಕಾರ್ಯಕ್ರಮ. ಸಾಮಾನ್ಯವಾಗಿ ಅಲ್ಲಿನ ಮೂರು ದೇಶಗಳ ಮೂರು ಸಂಸ್ಥೆ ಇರಲೇಬೇಕು, ನಾವು ಅವರ ಮೇಲೆ ಹೆಚ್ಚುವರಿ. ಭಾರತದವರು ಸೇರಬಹುದು, ಆದರೆ ಅವರ ಹಣ ತಾನಾಗಿ ಸಿಗುವುದಿಲ್ಲ. ಪಾಲುದಾರರನ್ನು ಹುಡುಕುವ ಸೌಲಭ್ಯ ಅವರ ಪೋರ್ಟಲ್‌ನಲ್ಲೇ ಇದೆ. ಕಾರ್ಡಿಸ್ ಅನ್ನುವ ಅವರ ಮಾಹಿತಿಕೋಶದಲ್ಲಿ ಹಿಂದಿನ ಪ್ರಾಜೆಕ್ಟ್‌ಗಳಲ್ಲಿ ಯಾರು ಯಾರು ಇದ್ದರು ಅಂತ ಸಿಗುತ್ತದೆ. ಆಗಸ್ಟ್‌ನಲ್ಲಿ ಮೇಲ್ ಹಾಕಬೇಡಿ, ಅರ್ಧ ಯುರೋಪ್ ರಜೆಯಲ್ಲಿರುತ್ತದೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಯುರೋಪ್ ಸದ್ಯಕ್ಕೆ ಬೇಡ! ಸ್ಯಾಂಪಲ್ ದಾರಿ ಹಿಡಿಯುತ್ತೇನೆ. ಕೆರೆ ಬಳಗದವರಿಗೆ ಹಣ ಯಾವ ಲೆಕ್ಕದಲ್ಲಿ ಇಡುವುದು ಸರ್?

ಕೆಂಗೇರಿಯಿಂದ:
ಎನ್‌ಜಿಒಗೆ ನೇರ ಹಣ ಕೊಡಬಹುದಾ ಅಂತ ಕಾಲ್‌ನ ನಿಯಮ ನೋಡಿ. ಕೊಡಬಹುದಾದರೆ ದರ್ಪಣ್ (ಎನ್‌ಜಿಒಗಳಿಗಾಗಿ ಇರುವ ಸರ್ಕಾರದ ಪೋರ್ಟಲ್) ನೋಂದಣಿ ಇದೆಯಾ ಅಂತ ಅವರನ್ನು ಈಗಲೇ ಕೇಳಿ. ಇಲ್ಲದಿದ್ದರೆ ನಿಮ್ಮ ಬಜೆಟ್‌ನಲ್ಲೇ ಸ್ಯಾಂಪಲ್ ಸಂಗ್ರಹ, ಓಡಾಟ ಅಂತ ಬೇರೆಯಾಗಿ ತೋರಿಸಿ, ಯಾಕೆ ಬೇಕು ಅಂತ ಎರಡು ಸಾಲು ಬರೆಯಿರಿ. ಕಂಟಿಂಜೆನ್ಸಿಯಲ್ಲಿ, ಅಂದರೆ ಚಿಲ್ಲರೆ ಖರ್ಚಿನ ಬಾಬ್ತಿನಲ್ಲಿ, ತುರುಕಬೇಡಿ. ಆಡಿಟ್‌ನವರು ಮೊದಲು ತೆಗೆದು ನೋಡುವುದೇ ಅದನ್ನು.