ಶಂಕ್ರ ಆರ್ಪೆಜಿಯೋ ಕಲಿತ

ಶಂಕ್ರ ಬೇಸ್ ಗಿಟಾರಿನಲ್ಲಿ ಆರ್ಪೆಜಿಯೋ ಕಲಿತಿದ್ದಾನೆ. ನಮ್ಮ ಪಾಡು ಕೇಳಬೇಡಿ.

"ನೋಡ್ರೋ, ಜಿ ಮೇಜರ್!" ಜಿ, ಬಿ, ಡಿ, ಮೇಲಿನ ಜಿ. ಹತ್ತಿದ, ಇಳಿದ, ಮತ್ತೆ ಹತ್ತಿದ.

"ಒಟ್ಟಿಗೆ ನುಡಿಸೋ ಸ್ವರಗುಚ್ಛ, ಅದೇ ಕಾರ್ಡ್, ಅದರ ಸ್ವರಗಳನ್ನು ಒಂದೊಂದಾಗಿ ನುಡಿಸೋದು ತಾನೆ? ಅದಕ್ಕೆ ಇಷ್ಟು ಜಂಬ ಯಾಕೋ?" ಎಂದಳು ಸುಧಾ.

"ಜಂಬ ಅಲ್ಲ ಕಣೆ, ಲೆಕ್ಕ. ದಪ್ಪ ತಂತಿಯ ಮೂರನೇ ಫ್ರೆಟ್‌ಗೆ, ಅಂದರೆ ಗಿಟಾರಿನ ಕತ್ತಿನ ಮೇಲಿನ ಮೂರನೇ ಮನೆಗೆ, ನಡುಬೆರಳು. ಪಕ್ಕದ ತಂತಿಯ ಎರಡಕ್ಕೆ ತೋರುಬೆರಳು, ಐದಕ್ಕೆ ಕಿರುಬೆರಳು. ಅದರಾಚೆ ತಂತಿಯಲ್ಲೂ ಅದೇ ಕಿರುಬೆರಳು, ಅದೇ ಐದು. ಇದೇ ಅಚ್ಚನ್ನು ಎರಡು ಫ್ರೆಟ್ ಸರಿಸು, ಎ ಮೇಜರ್!"

ಇದೇನೋ ನಿಜ. ಬೇಸ್‌ನ ತಂತಿಗಳು ಇ, ಎ, ಡಿ, ಜಿ. ಒಂದಕ್ಕೂ ಮುಂದಿನದಕ್ಕೂ ಎಲ್ಲ ಕಡೆ ಐದೇ ಫ್ರೆಟ್ ಅಂತರ. ಮಾಮೂಲಿ ಗಿಟಾರಿನಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ನಾಲ್ಕು, ಅಲ್ಲಿ ಅಚ್ಚು ಸೊಟ್ಟಗಾಗುತ್ತದೆ. ಬೇಸ್ ಪಾಪ ಸಂಭಾವಿತ ವಾದ್ಯ. ಅದಕ್ಕೇ ಶಂಕ್ರನಂಥವರಿಗೆ ಸಲೀಸಾಗಿ ಸಿಕ್ಕಿಬೀಳುತ್ತದೆ.

"ಸರಿ, ಜಿ ಮೈನರ್ ನುಡಿಸು" ಎಂದಳು ಸುಧಾ.

ಶಂಕ್ರ ತಡವರಿಸಿದ. "ಆ ಅಚ್ಚು ಇನ್ನೂ ಕಲಿತಿಲ್ಲ."

"ಅಚ್ಚು ಯಾಕೆ? ಸ, ಗ, ಪ ಅಂದುಕೋ. ಸ, ಪ ಇದ್ದಲ್ಲೇ ಇರಲಿ. ಗ ಮಾತ್ರ ಒಂದು ಫ್ರೆಟ್ ಕೆಳಗಿಳಿಸು."

ಅವನು ಒಂದರಿಂದ ಐದನೇ ಫ್ರೆಟ್‌ವರೆಗೆ ಬೆರಳು ಚಾಚಿ "ಅಯ್ಯಯ್ಯೋ" ಎಂದ.

"ಅದೇ ಸ್ವರ ದಪ್ಪ ತಂತಿಯ ಆರರಲ್ಲೂ ಇದೆಯಲ್ಲೋ! ತೋರುಬೆರಳಿಂದ ಶುರು ಮಾಡಿ ಕಿರುಬೆರಳಲ್ಲಿ ಹಿಡಿ."

ಸಿಕ್ಕಿತು. ಒಂದೇ ಒಂದು ಸ್ವರ ಜಾರಿದ್ದಕ್ಕೆ ಅಷ್ಟು ಹೊತ್ತು ನಗುತ್ತಿದ್ದ ಜಿ ಅಳುಮೋರೆ ಹಾಕಿತು. ಶಂಕ್ರ ತಾನೇ ಕಂಡುಹಿಡಿದವನ ಹಾಗೆ ನಮ್ಮ ಮುಖ ನೋಡಿದ.

"ಹಾಡಿಗೆ ನುಡಿಸು, ನೋಡೋಣ" ಎಂದು ನಂಜ ಹಾಡತೊಡಗಿದ. ಜಿ ಒಂದು ಸುತ್ತು, ಆಮೇಲೆ ಸಿ. ಹಾಡು ಸಿಗೆ ಹೋಗಿ ಕುಳಿತಿತ್ತು, ಶಂಕ್ರ ಇನ್ನೂ ಜಿಯಿಂದ ಇಳಿಯುತ್ತಿದ್ದ! ಸಾಲದ್ದಕ್ಕೆ ಮೀಟಿ ಬಿಟ್ಟ ತಂತಿಗಳೆಲ್ಲ ಗುಂಯ್ ಅನ್ನುತ್ತಲೇ ಇದ್ದವು. ತಗ್ಗಿನ ಸ್ವರಗಳು ಒಂದರ ಮೇಲೊಂದು ಬಿದ್ದರೆ ಬರೀ ರಾಡಿ.

"ಮೊದಲು ಬಿಟ್ಟ ತಂತಿಯ ಬಾಯಿ ಮುಚ್ಚಿಸು" ಎಂದಳು ಸುಧಾ. "ಆಮೇಲೆ, ಹತ್ತಿದವನು ಅದೇ ದಾರಿಯಲ್ಲಿ ಕೆಳಗಿನ ಜಿವರೆಗೂ ಇಳಿಯಬೇಕು ಅಂತ ಯಾರು ಹೇಳಿದರು? ಒಂದು ಸುತ್ತಿಗೆ ನಾಲ್ಕು ಏಟು. ಜಿ, ಬಿ, ಡಿ, ಮತ್ತೆ ಬಿ. ಬಿ ಪಕ್ಕದ ಫ್ರೆಟ್ಟೇ ಸಿ. ಹಾಡಿನ ಜೊತೆಗೇ ಹೋಗಿ ಇಳಿಯುತ್ತೀಯ."

ನುಡಿಸಿದ. ನಂಜ ಹಾಡು ನಿಲ್ಲಿಸಿ ತಿರುಗಿ ನೋಡಿದ. ಅಷ್ಟು ಚೆನ್ನಾಗಿತ್ತು.

"ಇನ್ನೂ ಜೋರಾಗಿ ಓಡಿಸುತ್ತಿದ್ದೆ. ಬಲಗೈಗೆ ಎರಡೇ ಬೆರಳು ಸಾಲದು" ಎಂದ ಶಂಕ್ರ.

"ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು ಕಣೋ" ಎಂದಳು ಸುಧಾ.

ಶಂಕ್ರ ತನ್ನ ಬೆರಳನ್ನು ತುಸು ಹೊತ್ತು ದುರುಗುಟ್ಟಿ ನೋಡಿದ. ಆಮೇಲೆ ಕಣ್ಣರಳಿಸಿ, "ಜಿಗೆ ಎಫ್ ಸೇರಿಸಿದರೆ ಜಿ ಸೆವೆನ್ ಆಗುತ್ತಂತೆ, ಅದನ್ನು ಹನ್ನೆರಡು ಫ್ರೆಟ್‌ನಲ್ಲೂ..." ಎಂದು ಶುರು ಮಾಡುವಷ್ಟರಲ್ಲಿ ನಂಜ ಆಂಪ್ಲಿಫೈಯರಿನ ಕೇಬಲ್ ಕಿತ್ತು ಜೇಬಿಗೆ ಹಾಕಿಕೊಂಡ.