ರಿಸಲ್ಟ್ ಬಂದ ಮೇಲೆ ಯೂತ್ ಮೀಟಿಂಗ್‌ಗೆ ಬರುವುದು ನಿಲ್ಲಿಸಿದವರಿಗೆ ಏನು ಮಾಡಬೇಕು?

ಬಂಗಾರಪೇಟೆ ಯೂತ್ ಕೇಳಿದ್ದು:

ಎಲ್ಲರಿಗೂ ವಂದನೆ. ನಾನು ಬಂಗಾರಪೇಟೆ ಹತ್ತಿರದ ಒಂದು ಸಣ್ಣ ಸಭೆಯಲ್ಲಿ (ಚರ್ಚಿನಲ್ಲಿ) ಯೂತ್ ನೋಡಿಕೊಳ್ಳುತ್ತೇನೆ. ಭಾನುವಾರ ಆರಾಧನೆ ಮುಗಿದ ಮೇಲೆ ಸೇರುತ್ತೇವೆ. ಹಾಡು, ವಾಕ್ಯ, ಸಾಕ್ಷಿ (ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುವುದು), ಪ್ರಾರ್ಥನೆ, ಆಮೇಲೆ ಟೀ, ಬನ್ನು. ಪಿಯುಸಿ ಓದುವವರು, ಡಿಗ್ರಿಯವರು, ನರಸಾಪುರದ ಕಂಪನಿಗಳಿಗೆ ಹೋಗುವವರು, ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಬರುವವರು, ಎಲ್ಲಾ ಥರದವರೂ ಇದ್ದಾರೆ.

ಪಿಯು ರಿಸಲ್ಟ್, ನೀಟ್ ರಿಸಲ್ಟ್ ಎಲ್ಲಾ ಬಂದ ಮೇಲೆ ಕೆಲವರು ಬರುವುದೇ ನಿಲ್ಲಿಸಿದರು. ಅದರಲ್ಲಿ ಒಬ್ಬಳು ನಮ್ಮಲ್ಲಿ ಹಾಡು ನಡೆಸುತ್ತಿದ್ದ ಹುಡುಗಿ. ನೀಟ್‌ಗೆ ಮುಂಚೆ ಉಪವಾಸ ಇದ್ದಳು, ಇಡೀ ಸಭೆ ಅವಳಿಗಾಗಿ ಪ್ರಾರ್ಥನೆ ಮಾಡಿತು, ಒಬ್ಬ ಹಿರಿಯರು ಮುಂದೆ ನಿಂತು "ದೇವರು ನಮ್ಮ ಸಭೆಗೆ ಒಬ್ಬ ಡಾಕ್ಟರನ್ನ ಕೊಟ್ಟಾಯ್ತು" ಅಂತ ಹೇಳಿಯೂ ಬಿಟ್ಟರು. ಸೀಟು ಸಿಗುವಷ್ಟು ಮಾರ್ಕ್ಸ್ ಬರಲಿಲ್ಲ. ನಾನು ಅವರ ಮನೆಗೆ ಹೋದಾಗ ಬಾಗಿಲ ಹತ್ತಿರವೇ ನಿಂತು ಹೇಳಿದಳು: "ಅಣ್ಣಾ, ಪಾಸಾದವರೆಲ್ಲ ಮುಂದೆ ಬಂದು ಸಾಕ್ಷಿ ಹೇಳ್ತಾರೆ. ನಾನು ಬಂದು ಏನು ಹೇಳಲಿ?"

ಇನ್ನೊಬ್ಬ ಕೀಬೋರ್ಡ್ ನುಡಿಸುವ ಹುಡುಗ. ನೈಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ ಇಳಿದವನೇ ನೇರ ಚರ್ಚಿಗೆ ಬರುತ್ತಿದ್ದ. ಕೊರಳಲ್ಲಿ ಐಡಿ ಕಾರ್ಡ್ ಹಾಗೇ ಇರುತ್ತಿತ್ತು. ಒಂದು ಭಾನುವಾರ ಪ್ರಸಂಗದ (ಬೋಧನೆಯ) ಮಧ್ಯೆ ನಿದ್ದೆ ಬಂದು ತಲೆ ಮುಂದಿನ ಬೆಂಚಿಗೆ ತಾಗಿತು. ಎಲ್ಲರ ಎದುರಿಗೇ ಎಬ್ಬಿಸಿ ಬೈದರು. ಅವನೂ ಬರುತ್ತಿಲ್ಲ.

"ಅವರ ನಂಬಿಕೆ ಗಟ್ಟಿ ಇರಲಿಲ್ಲ, ಅದಕ್ಕೇ ಬಿದ್ದುಹೋದರು" ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮೂರು ದಿನ ಕ್ಯಾಂಪ್ ಮಾಡು, ಎಲ್ಲಾ ಸರಿಹೋಗುತ್ತೆ ಅಂತಲೂ ಹೇಳುತ್ತಾರೆ. ಕ್ಯಾಂಪಿನ ಬಿಸಿ ಎಷ್ಟು ದಿನ ಇರುತ್ತದೆ ಅಂತ ನಿಮಗೂ ಗೊತ್ತಲ್ವಾ. ಪೆಟ್ಟು ಬಿದ್ದಾಗಲೂ ದೇವರ ಕೈ ಬಿಡದೆ ನಿಲ್ಲುವ ಹಾಗೆ ಈ ಮಕ್ಕಳನ್ನು ಬೆಳೆಸುವುದು ಹೇಗೆ? ನಿಮ್ಮ ಸಭೆಗಳಲ್ಲಿ ನಿಜವಾಗಿ ಕೆಲಸ ಮಾಡಿದ್ದು ಏನು, ಅದನ್ನ ಹೇಳಿ.

ಚಾಂಪಿಯನ್ ರೀಫ್ಸ್ ಅಕ್ಕ:

ತಮ್ಮಾ, ಆ ಹುಡುಗಿ ಕೇಳಿದ ಪ್ರಶ್ನೆ ಓದಿ ಹೊಟ್ಟೆ ಚುರುಕ್ ಅಂತು. ನಾನು ಕೆಜಿಎಫ್‌ನವಳು. ನಮ್ಮಪ್ಪ ಗಣಿಯಲ್ಲಿ ಕೆಲಸಕ್ಕಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದರು. ಆಗ ನಾನು ಪಿಯುಸಿ. ಮುಚ್ಚಬಾರದು ಅಂತ ನಾವು ಮಾಡಿದ ಪ್ರಾರ್ಥನೆ ಒಂದಾ ಎರಡಾ? ರಾತ್ರಿ ಎಲ್ಲಾ ಕೂತು ಮಾಡಿದ್ದೇವೆ. ಆದರೂ ಮುಚ್ಚಿತು. ನೂರಿಪ್ಪತ್ತು ವರ್ಷ ನಡೆದ ಗಣಿ ಅದು. ಇಡೀ ಊರಿಗೆ ಅದೊಂದೇ ಅನ್ನ.

ಆಮೇಲೆ ಚರ್ಚು ಬಿಟ್ಟವರೂ ಇದ್ದಾರೆ, ಉಳಿದವರೂ ಇದ್ದಾರೆ. ಉಳಿದವರು ಯಾಕೆ ಉಳಿದರು ಅಂತ ನಾನು ತುಂಬಾ ಸಲ ಯೋಚನೆ ಮಾಡಿದ್ದೇನೆ. ಪ್ರಸಂಗ ಕೇಳಿ ಅಲ್ಲ. ನಮ್ಮ ಸಭೆಯಲ್ಲಿ ಒಬ್ಬ ರಿಟೈರ್ಡ್ ಟೀಚರಮ್ಮ ಇದ್ದರು. ಸಂಜೆ ಚರ್ಚಿನ ಪಕ್ಕದ ಕೋಣೆ ತೆಗೆಸಿ ನಮಗೆ ಲೆಕ್ಕ ಹೇಳಿಕೊಡುತ್ತಿದ್ದರು. ಪಾಠಕ್ಕೆ ಮುಂಚೆ ಒಬ್ಬೊಬ್ಬರ ಮುಖ ನೋಡಿ "ಊಟ ಆಯ್ತಾ" ಅಂತ ಕೇಳೋರು. ಆಯ್ತು ಅಂದರೆ "ಏನು ಸಾರು" ಅಂತ ಇನ್ನೊಂದು ಪ್ರಶ್ನೆ. ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆವು. ಆಗ ಬೀರುವಿನಿಂದ ಬ್ರೆಡ್ ಬರೋದು. ದೇವರು ಯಾಕೆ ಗಣಿ ಮುಚ್ಚಲು ಬಿಟ್ಟರು ಅಂತ ನಾನು ಒಂದು ಸಲ ಕೇಳಿದ್ದಕ್ಕೆ "ನನಗೂ ಗೊತ್ತಿಲ್ಲ ಮಗಳೇ, ನಾನೂ ಅದನ್ನೇ ಕೇಳ್ತಾ ಇದ್ದೀನಿ" ಅಂದರು. ಅಷ್ಟು ದೊಡ್ಡವರು ಹಾಗೆ ಹೇಳಿದ್ದು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ದೇವರ ಪರವಾಗಿ ಡಾಕ್ಟರ್ ಸೀಟು ಕೊಡುವುದನ್ನು ದೊಡ್ಡವರು ನಿಲ್ಲಿಸಬೇಕು. ಮಾತು ಕೊಟ್ಟವರು ಅವರು, ತಲೆ ತಗ್ಗಿಸಿದ್ದು ಆ ಮಗು. ಇದು ಯಾವ ನ್ಯಾಯ?

ಎಂಎಸ್‌ಡಬ್ಲ್ಯೂ ತುಮಕೂರು:

ಅಕ್ಕ ಹೇಳಿದ ಟೀಚರಮ್ಮನ ವಿಷಯಕ್ಕೆ ಒಂದು ಸೇರಿಸುತ್ತೇನೆ. ನಾನು ಸೋಶಿಯಲ್ ವರ್ಕ್ ಓದುತ್ತಿದ್ದೇನೆ, ನಮಗೆ ಇದರ ಮೇಲೆ ಪಾಠವೇ ಇದೆ. ಎಮ್ಮಿ ವರ್ನರ್ ಅಂತ ಒಬ್ಬ ಮನಃಶಾಸ್ತ್ರಜ್ಞೆ ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದೊಡ್ಡವರಾಗುವ ತನಕ, ಆಮೇಲೂ, ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯಲ್ಲಿ ಜಗಳ, ಕುಡಿತ, ತಂದೆ ತಾಯಿಗೆ ಮಾನಸಿಕ ಕಾಯಿಲೆ, ಇಂಥ ಹಲವು ಕಷ್ಟ ಒಟ್ಟಿಗೆ ಇದ್ದ ಮಕ್ಕಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು ಚೆನ್ನಾಗಿಯೇ ಬೆಳೆದರು. ಅಂಥವರಲ್ಲಿ ಮತ್ತೆ ಮತ್ತೆ ಕಂಡಿದ್ದು ಏನಂದ್ರೆ, ಅವರ ಬದುಕಿನಲ್ಲಿ ಬಿಟ್ಟುಹೋಗದ ಒಬ್ಬ ದೊಡ್ಡವರು ಇದ್ದರು. ಅಜ್ಜಿ, ಟೀಚರ್, ಪಕ್ಕದ ಮನೆಯವರು, ಯಾರಾದರೂ ಸರಿ. ನಂಬಿಕೆಯ ಸಮುದಾಯವೂ ಕೆಲವರಿಗೆ ಆಸರೆಯಾಗಿತ್ತು.

ಹಾಗಾಗಿ ನಿಮ್ಮ ಸಭೆಯಲ್ಲಿ ಒಳ್ಳೆ ಮನಸ್ಸಿನ ದೊಡ್ಡವರನ್ನು ಹುಡುಕಿ, ಒಬ್ಬೊಬ್ಬರಿಗೆ ಇಬ್ಬರು ಮಕ್ಕಳನ್ನು ಒಪ್ಪಿಸಿ. ಬುದ್ಧಿ ಹೇಳುವುದಕ್ಕಲ್ಲ. ವಾರಕ್ಕೊಂದು ಫೋನು, ಹುಟ್ಟಿದ ದಿನ ನೆನಪಿಟ್ಟುಕೊಳ್ಳುವುದು, ರಿಸಲ್ಟ್ ದಿನ ಮನೆಗೆ ಹೋಗಿ ಸುಮ್ನೆ ಜೊತೆಗೆ ಕೂರುವುದು. ನೀವೊಬ್ಬರೇ ಎಲ್ಲರನ್ನೂ ಹೊತ್ತುಕೊಂಡರೆ ನಿಮಗೇ ಸುಸ್ತಾಗುತ್ತದೆ. ಹುಡುಗಿಯರಿಗೆ ಹೆಂಗಸರೇ ಇರಲಿ, ಯಾರು ಯಾರನ್ನು ಭೇಟಿ ಮಾಡುತ್ತಾರೆ ಅಂತ ಅಪ್ಪ ಅಮ್ಮನಿಗೂ ಗೊತ್ತಿರಲಿ.

ಮುಖ್ಯವಾದ ವಿಷಯ. ಆ ಹುಡುಗಿ ಊಟ ನಿದ್ದೆ ಬಿಟ್ಟಿದ್ದಾಳಾ, ಯಾರ ಜೊತೆಯೂ ಮಾತಾಡುತ್ತಿಲ್ಲವಾ, "ನಾನಿದ್ದು ಏನು ಪ್ರಯೋಜನ" ಅನ್ನೋ ಥರದ ಮಾತು ಬರುತ್ತಿದೆಯಾ ಅಂತ ಅವರಮ್ಮನ ಹತ್ತಿರ ಕೇಳಿ. ಅವಳನ್ನೇ ನೇರವಾಗಿ ಕೇಳಿದರೂ ತಪ್ಪಿಲ್ಲ, ಕೇಳಿದರೆ ಜಾಸ್ತಿ ಆಗುತ್ತೆ ಅನ್ನೋದು ಸುಳ್ಳು. ಹೌದು ಅಂತಾದರೆ ತಡ ಮಾಡಬೇಡಿ, ಒಬ್ಬಳನ್ನೇ ಬಿಡಬೇಡಿ. ಟೆಲಿ ಮಾನಸ್ 14416, ದಿನದ 24 ಗಂಟೆಯೂ ಇರುತ್ತದೆ, ಫ್ರೀ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗೂ ಕರೆದುಕೊಂಡು ಹೋಗಬಹುದು. ಜ್ವರ ಬಂದರೆ ಪ್ರಾರ್ಥನೆಯನ್ನೂ ಮಾಡುತ್ತೇವೆ, ಮಾತ್ರೆಯನ್ನೂ ಕೊಡುತ್ತೇವೆ ಅಲ್ವಾ, ಇದೂ ಹಾಗೇ.

ನೈಟ್ ಶಿಫ್ಟ್:

ಬ್ರದರ್, ನಾನೂ ನರಸಾಪುರದಲ್ಲೇ ಕೆಲಸ ಮಾಡೋದು, ಮಾಲೂರು ಕಡೆಯವನು. ನಿಮ್ಮ ಕೀಬೋರ್ಡ್ ಹುಡುಗನ ಪರವಾಗಿ ಬರೆಯುತ್ತಿದ್ದೇನೆ. ಅವನ ನಂಬಿಕೆ ಎಲ್ಲೂ ಹೋಗಿಲ್ಲ. ರಾತ್ರಿಯೆಲ್ಲ ನಿಂತು ಕೆಲಸ ಮಾಡಿ, ಬೆಳಗ್ಗೆ ಮನೆಗೆ ಹೋಗಿ ಮಲಗುವುದು ಬಿಟ್ಟು ಚರ್ಚಿಗೆ ಬಂದಿದ್ದಾನಲ್ಲ, ಅದೇ ದೊಡ್ಡ ಸಾಕ್ಷಿ. ಬೈದವರಿಗೆ ಅದು ಕಾಣಲಿಲ್ಲ.

ಶಿಫ್ಟ್ ಬದಲಾಗುತ್ತಾ ಇರುತ್ತದೆ, ನಿದ್ದೆ ಯಾವಾಗ, ಊಟ ಯಾವಾಗ ಅಂತ ಮೈಗೇ ಗೊತ್ತಾಗಲ್ಲ. ಒಂದು ವಾರ ತಪ್ಪಿಸಿದರೆ "ಏನಪ್ಪಾ ದುಡ್ಡು ಬಂದ ಮೇಲೆ ದೇವರು ಮರೆತುಹೋದ್ರಾ" ಅಂತಾರೆ. ಆ ಮಾತಿಗೆ ಹೆದರಿ ಇನ್ನೊಂದು ವಾರವೂ ಹೋಗಲ್ಲ, ಆಮೇಲೆ ಮುಖ ತೋರಿಸೋಕೇ ಕಷ್ಟ.

ನನ್ನನ್ನ ಉಳಿಸಿದ್ದು ಒಬ್ಬ ಫ್ರೆಂಡು. ಪ್ರತಿ ಭಾನುವಾರ ವಾಟ್ಸಾಪಲ್ಲಿ ಪ್ರಸಂಗದ ಎರಡು ಮೂರು ಮಾತು ವಾಯ್ಸ್ ಮಾಡಿ ಕಳಿಸುತ್ತಿದ್ದ. ಯಾಕೆ ಬಂದಿಲ್ಲ ಅಂತ ಒಂದು ಸಲವೂ ಕೇಳಲಿಲ್ಲ. ಈಗ ನಾವು ಶಿಫ್ಟಿನವರು ಕೆಲವರು ರೂಮಿನಲ್ಲೇ ಸೇರುತ್ತೇವೆ, ಯಾರಿಗೆ ಯಾವತ್ತು ವೀಕ್ಲಿ ಆಫ್ ಅಂತ ನೋಡಿಕೊಂಡು. ಅಡುಗೆ ಮಾಡಿ, ತಿಂದು, ಒಂದು ಅಧ್ಯಾಯ ಓದಿ, ಪ್ರಾರ್ಥನೆ ಮಾಡಿ ಮಲಗುತ್ತೇವೆ. ಅವನನ್ನ ಭಾನುವಾರಕ್ಕೆ ಎಳೆಯಬೇಡಿ. ಅವನ ಆಫ್ ದಿನ ನೀವು ಹೋಗಿ.

ಗೌರಿಬಿದನೂರು ಹುಡುಗಿ:

ಕ್ಯಾಂಪ್ ಬಗ್ಗೆ ಅಷ್ಟು ಹಗುರವಾಗಿ ಮಾತಾಡಬೇಡಿ ಅಣ್ಣ. 2011ರ ಜನಗಣತಿಯಲ್ಲಿ ರಾಜ್ಯದಲ್ಲಿ ಕ್ರೈಸ್ತರು ಶೇ 1.87 ಮಾತ್ರ. ನನ್ನ ಹಾಸ್ಟೆಲಿನಲ್ಲಿ ನಾನೊಬ್ಬಳೇ. ಫ್ರೆಂಡ್ಸ್ ಒಳ್ಳೆಯವರೇ, ಆದರೆ ಊಟಕ್ಕೆ ಮುಂಚೆ ಕಣ್ಣು ಮುಚ್ಚೋಕೂ ಮುಜುಗರ ಆಗುತ್ತಿತ್ತು. ಕ್ಯಾಂಪಿಗೆ ಹೋದಾಗ ನನ್ನ ವಯಸ್ಸಿನವರು, ನನ್ನ ಹಾಗೇ ಅನುಮಾನ ಇರುವವರು ಅಷ್ಟೊಂದು ಜನ ಇದ್ದಾರೆ ಅಂತ ಗೊತ್ತಾಯಿತು. ಅಲ್ಲಿನ ಮೆಸೇಜ್ ಮರೆತುಹೋಗಿದೆ. ಅಲ್ಲಿ ಸಿಕ್ಕ ಮೂರು ಜನ ಫ್ರೆಂಡ್ಸ್ ಈಗಲೂ ಇದ್ದಾರೆ, ಪರೀಕ್ಷೆಗೆ ಮುಂಚೆ ಫೋನಲ್ಲಿ ಒಟ್ಟಿಗೆ ಪ್ರಾರ್ಥನೆ ಮಾಡುತ್ತೇವೆ. ಕ್ಯಾಂಪ್ ಮಾಡಿ, ಆದರೆ ಮುಗಿದ ಮಾರನೇ ವಾರದಿಂದ ಯಾರು ಯಾರ ಜೊತೆ ಅಂತ ಅಲ್ಲೇ ಗುಂಪು ಮಾಡಿ ಕಳಿಸಿ.

ಅಯ್ಯನವರು, ಚಿಕ್ಕಬಳ್ಳಾಪುರ:

ಎಲ್ಲರ ಮಾತೂ ಓದಿದೆ. ನೈಟ್ ಶಿಫ್ಟ್ ತಮ್ಮನ ಮಾತಿನಿಂದಲೇ ಶುರು ಮಾಡುತ್ತೇನೆ. ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘ, ಶುರುವಾಗಿದ್ದು ಇಂಥ ಹುಡುಗರಿಂದಲೇ. 1844ರಲ್ಲಿ ಲಂಡನ್ನಿನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಜಾರ್ಜ್ ವಿಲಿಯಮ್ಸ್, ಜೊತೆಗೆ ಕೆಲಸ ಮಾಡುವ ಹುಡುಗರನ್ನು ಸೇರಿಸಿ ಪ್ರಾರ್ಥನೆಗೆ ಕೂತ. ಅವನಿಗಿನ್ನೂ 22 ವರ್ಷ. ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿತ, ಅಂಗಡಿ ಮೇಲಿನ ಕೋಣೆಯಲ್ಲೇ ವಾಸ. ಸೇರಿದ್ದೂ ಆ ಕೋಣೆಯಲ್ಲೇ. ಹಾಗಾಗಿ ತಮ್ಮಾ, ನಿಮ್ಮ ರೂಮಿನ ಕೂಟ ಚರ್ಚಿಗೆ ಬದಲಿ ಅಂತ ಅಂದುಕೊಳ್ಳಬೇಡಿ. ಅದೂ ಸಭೆಯೇ.

ಎರಡನೇದು, ಬೈಬಲಿನ ಪ್ರವಾದಿ ಎಲೀಯನ ಕಥೆಯನ್ನು ಯುವಕರಿಗೆ ಕರ್ಮೆಲ್ ಬೆಟ್ಟದಲ್ಲೇ ನಿಲ್ಲಿಸಿಬಿಡುತ್ತೇವೆ. ಬೆಂಕಿ ಇಳಿಯಿತು, ಗೆದ್ದ, ಚಪ್ಪಾಳೆ. ಮುಂದಿನ ಅಧ್ಯಾಯ ಓದಿ, 1 ಅರಸುಗಳು 19. ಅದೇ ಮನುಷ್ಯ ರಾಣಿ ಈಜೆಬೆಲಳಿಗೆ ಹೆದರಿ ಓಡಿಹೋಗಿ, ಗಿಡದ ಕೆಳಗೆ ಕೂತು, ನನಗೆ ಸಾಕಾಯ್ತು, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡುತ್ತಾನೆ. ದೇವರು ಬೈಯಲಿಲ್ಲ. ನಂಬಿಕೆ ಎಲ್ಲಿ ಹೋಯಿತು ಅಂತ ಕೇಳಲಿಲ್ಲ. ಮಲಗಲು ಬಿಟ್ಟರು. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಕೊಟ್ಟು ಎಬ್ಬಿಸಿದರು. ತಿಂದು ಮತ್ತೆ ಮಲಗಿದ, ಮತ್ತೆ ಎಬ್ಬಿಸಿ ಉಣಿಸಿದರು. ಮಾತುಕತೆ ಆಗಿದ್ದು ಅದಾದ ಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ. ಅಲ್ಲಿಯೂ ಅವನ ದೂರನ್ನು ಪೂರ್ತಿ ಕೇಳಿದರು. ಆಮೇಲೆ ಮಾಡೋಕೆ ಕೆಲಸ ಕೊಟ್ಟರು, ಜೊತೆಗಾರನಾಗಿ ಎಲೀಷನನ್ನು ಕೊಟ್ಟರು.

ಕೆಲಸ ಕೊಟ್ಟರು ಅನ್ನುವುದನ್ನೂ ಗಮನಿಸಿ. ಪೆಟ್ಟು ತಿಂದ ಮಕ್ಕಳನ್ನು ಸಮಾಧಾನ ಮಾಡುತ್ತಲೇ ಕೂರಿಸಿದರೆ ಅವರು ಏಳುವುದಿಲ್ಲ. ಬೈಬಲಿನಲ್ಲಿ ಪೌಲ, ಬಾರ್ನಬರ ಜೊತೆ ಸುವಾರ್ತೆ ಸಾರಲು ಹೊರಟ ಮಾರ್ಕ, ಪಂಫುಲ್ಯ ಪ್ರಾಂತ್ಯದಲ್ಲಿ ಸೇವೆ ಬಿಟ್ಟು ಮನೆಗೆ ಹೋದವನು. ಅವನನ್ನು ಮತ್ತೆ ಕರೆದುಕೊಂಡು ಹೋಗುವ ವಿಷಯಕ್ಕೆ ಪೌಲನಿಗೂ ಬಾರ್ನಬನಿಗೂ ಜಗಳವೇ ಆಯಿತು. ಬಾರ್ನಬ ಬಿಡಲಿಲ್ಲ, ಜೊತೆಗೆ ಕರೆದುಕೊಂಡು ಹೋಗಿ ಕೆಲಸ ಕೊಟ್ಟ. ಕೊನೆಗೆ ಅದೇ ಪೌಲ ತಿಮೊಥೆಯನಿಗೆ ಬರೆಯುತ್ತಾನೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಬೇಕು ಅಂತ. ನಿಮ್ಮ ಹುಡುಗಿ ನೀಟ್‌ಗೆ ಅಷ್ಟು ಓದಿದ್ದಾಳೆ. ಸಭೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮತ್ತೆ ಕೂರುವ ಮಕ್ಕಳು ಇರುತ್ತಾರೆ. ಸ್ವಲ್ಪ ಚೇತರಿಸಿಕೊಂಡ ಮೇಲೆ, ಅವಳು ಒಪ್ಪಿದರೆ, ವಿಜ್ಞಾನ ಹೇಳಿಕೊಡಲಿ. ಹಾಡು ನಡೆಸು ಅಂತ ಈಗಲೇ ಒತ್ತಾಯ ಬೇಡ.

ಸಾಕ್ಷಿಯ ವಿಷಯ. ಬೈಬಲಿನ 150 ಕೀರ್ತನೆಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಗೋಳಿನ ಪ್ರಾರ್ಥನೆಗಳೇ. 88ನೇದಂತೂ ಕತ್ತಲಲ್ಲೇ ಮುಗಿಯುತ್ತದೆ, ಒಂದು ಸಮಾಧಾನದ ಸಾಲೂ ಇಲ್ಲ. ಶಿಲುಬೆ ಮೇಲೆ ಕರ್ತನು ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಇಷ್ಟೆಲ್ಲ ದೇವರ ವಾಕ್ಯದಲ್ಲೇ ಇರುವಾಗ, ಇನ್ನೂ ಉತ್ತರ ಸಿಗದವರು ಮುಂದೆ ಬಂದು "ನಾನು ಇನ್ನೂ ಕಾಯುತ್ತಿದ್ದೇನೆ, ನನಗೆ ನೋವಾಗಿದೆ" ಅಂತ ಹೇಳುವುದು ಯಾಕೆ ಸಾಕ್ಷಿ ಆಗಬಾರದು?

ಬಂಗಾರಪೇಟೆ ಯೂತ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹುಡುಗಿಯ ಅಮ್ಮನ ಹತ್ತಿರ ಮಾತಾಡಿದೆ. ಊಟ ಮಾಡುತ್ತಿದ್ದಾಳೆ, ಆದರೆ ರಾತ್ರಿ ನಿದ್ದೆ ಇಲ್ಲವಂತೆ. 14416 ಅವರಿಗೆ ಕೊಟ್ಟಿದ್ದೇನೆ, ನಮ್ಮ ಸಭೆಯ ಒಬ್ಬ ನರ್ಸ್ ಅಕ್ಕ ಅವಳ ಜೊತೆ ಇರಲು ಒಪ್ಪಿಕೊಂಡಿದ್ದಾರೆ. ಕೀಬೋರ್ಡ್ ಹುಡುಗನಿಗೆ ಈ ವಾರ ಗುರುವಾರ ಆಫ್. ಬಿರಿಯಾನಿ ತಗೊಂಡು ಅವನ ರೂಮಿಗೇ ಹೋಗುತ್ತಿದ್ದೇವೆ.

ಅಯ್ಯನವರೇ, ಒಂದು ತೊಡಕು. ಸಾಕ್ಷಿ ವಿಷಯ ಕಮಿಟಿಯಲ್ಲಿ ಹೇಳಿದೆ. "ಎಲ್ಲರೂ ಬಂದು ಗೋಳು ಹೇಳಿಕೊಂಡರೆ ಚಿಕ್ಕ ಮಕ್ಕಳ ನಂಬಿಕೆ ಕೆಡುತ್ತೆ" ಅಂದರು. ಏನು ಹೇಳಲಿ?

ಅಯ್ಯನವರು, ಚಿಕ್ಕಬಳ್ಳಾಪುರ:

ವಾದ ಮಾಡಬೇಡಿ. ಮೊದಲು ಯೂತ್ ಮೀಟಿಂಗಿನಲ್ಲಿ 13ನೇ ಕೀರ್ತನೆಯನ್ನು ಎಲ್ಲರೂ ಸೇರಿ ಗಟ್ಟಿಯಾಗಿ ಓದಿ. ಎಷ್ಟರ ತನಕ, ಎಷ್ಟರ ತನಕ ಅಂತ ದಾವೀದನು ಎರಡೇ ವಚನದಲ್ಲಿ ನಾಲ್ಕು ಸಲ ಕೇಳುತ್ತಾನೆ. ಆಮೇಲೆ ಆ ಕಮಿಟಿ ಹಿರಿಯರನ್ನೇ ಕರೆದು ಕೂರಿಸಿ, ಅವರ ಬದುಕಿನಲ್ಲಿ ಉತ್ತರ ಸಿಗದ ಒಂದು ಪ್ರಾರ್ಥನೆಯ ಬಗ್ಗೆ ಹೇಳಿ ಅಂತ ಕೇಳಿಕೊಳ್ಳಿ. ಅವರಿಗೂ ಇರುತ್ತದೆ. ಯಾರೂ ಅವರನ್ನು ಕೇಳಿರುವುದಿಲ್ಲ, ಅಷ್ಟೇ. ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ನನಗೆ ಬಿಡುವು ಇರುತ್ತದೆ. ಬೇಕಾದರೆ ನಾನೂ ಬರುತ್ತೇನೆ, ಇಲ್ಲೇ ಮೆಸೇಜ್ ಹಾಕಿ.