ಎಪಿಜೆನೆಟಿಕ್ಸ್‌ಗೆ 'ಅಧಿ' ಹೊಂದುತ್ತದೆಯೇ? 'ಚಯಾಪಚಯ'ಕ್ಕೆ ಕ್ರಿಯಾಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಕ್ಯಾನ್ಸರ್ ಜೀವಕೋಶಗಳ ಮೆಟಬಾಲಿಸಂಗೂ ಎಪಿಜೆನೆಟಿಕ್ಸ್‌ಗೂ ಇರುವ ನಂಟಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಇದು ಐದನೆಯ ವರ್ಷ. ಪ್ರಬಂಧ ಇಂಗ್ಲಿಷಿನಲ್ಲಿದೆ. ಅದರ ಸಾರವನ್ನು ಹತ್ತು ಪುಟದಷ್ಟಾದರೂ ಕನ್ನಡದಲ್ಲಿ ಬರೆದಿಡಬೇಕು, ಊರಿನಲ್ಲಿ ನನ್ನವರು ಓದುವ ಹಾಗಿರಬೇಕು ಎಂದು ಕೂತು ಮೂರು ವಾರವಾಯಿತು. ಎರಡು ಕಡೆ ಬರವಣಿಗೆ ನಿಂತುಬಿಟ್ಟಿದೆ. ಪದಗಳ ಬಗ್ಗೆ ಯೋಚಿಸುವ ನಿಮ್ಮ ಮುಂದೆ ಅವನ್ನು ಇಡುತ್ತಿದ್ದೇನೆ.

ಮೊದಲನೆಯದು ಚಯಾಪಚಯ, ಅಂದರೆ ಮೆಟಬಾಲಿಸಂ: ಜೀವಕೋಶ ಆಹಾರವನ್ನು ಒಡೆದು ಶಕ್ತಿ ಪಡೆಯುವ, ಅದರಿಂದ ತನ್ನನ್ನು ಕಟ್ಟಿಕೊಳ್ಳುವ ಕೆಲಸ. ಈ ಪದ ನನಗೆ ಬಹಳ ಇಷ್ಟ. ಇಂಗ್ಲಿಷ್ ಪದದ ಗ್ರೀಕ್ ಮೂಲದಲ್ಲಿ ಇರುವುದು 'ಬದಲಾವಣೆ' ಎಂಬಷ್ಟೇ ಅರ್ಥ. ಜರ್ಮನ್ನಿನ 'ಷ್ಟೋಫ್‌ವೆಕ್ಸೆಲ್' ಎಂದರೆ ವಸ್ತುವಿನ ಅದಲುಬದಲು. ನಮ್ಮ ಪದದಲ್ಲಿ ಕೂಡುವುದೂ ಇದೆ, ಸವೆಯುವುದೂ ಇದೆ: ಚಯ, ಅಪಚಯ. ಕ್ಯಾನ್ಸರ್ ಜೀವಕೋಶದ ವಿಷಯದಲ್ಲಿ ಈ ಎರಡು ಮುಖ ತುಂಬ ಮುಖ್ಯ. 1920ರ ದಶಕದಲ್ಲಿ ಬರ್ಲಿನ್ನಿನಲ್ಲಿ ಜೀವರಸಾಯನ ವಿಜ್ಞಾನಿ ಒಟ್ಟೊ ವಾರ್ಬರ್ಗ್ ಕಂಡದ್ದು ಏನೆಂದರೆ, ಗಡ್ಡೆಯ ಜೀವಕೋಶಗಳು ಆಮ್ಲಜನಕ ಸಾಕಷ್ಟು ಇದ್ದಾಗಲೂ ಗ್ಲೂಕೋಸನ್ನು ಪೂರ್ತಿ ಉರಿಸದೆ ಲ್ಯಾಕ್ಟಿಕ್ ಆಮ್ಲವಾಗಿಸಿ ಹೊರಗೆ ಬಿಡುತ್ತವೆ. ಪೂರ್ತಿ ಉರಿಸಿದರೆ ಒಂದು ಗ್ಲೂಕೋಸ್ ಅಣುವಿನಿಂದ 30ರ ಆಸುಪಾಸು ಎಟಿಪಿ (ಜೀವಕೋಶ ಶಕ್ತಿಗಾಗಿ ಬಳಸುವ ಅಣು) ಸಿಗುತ್ತದೆ, ಈ ದಾರಿಯಲ್ಲಿ ಸಿಗುವುದು 2 ಮಾತ್ರ. ಉರಿಸುವ ಯಂತ್ರವೇ ಕೆಟ್ಟಿರಬೇಕು ಎಂದು ವಾರ್ಬರ್ಗ್ ನಂಬಿದ್ದರು. ಆದರೆ ಬಹಳಷ್ಟು ಗಡ್ಡೆಗಳಲ್ಲಿ ಆ ಯಂತ್ರ ಸರಿಯಾಗಿಯೇ ಇರುತ್ತದೆ. ಬೆಳೆಯುವ ಜೀವಕೋಶಕ್ಕೆ ಶಕ್ತಿಯ ಜೊತೆಗೆ ಕಟ್ಟುವ ಸಾಮಗ್ರಿಯೂ ಬೇಕು. ಗ್ಲೂಕೋಸಿನ ಇಂಗಾಲದ ಒಂದು ಪಾಲು ಕೊಬ್ಬಿಗೆ, ಡಿಎನ್‌ಎಗೆ ಹೋಗುತ್ತದೆ. ಅಪಚಯ ಸೋತಿದೆ ಎಂದುಕೊಂಡಿದ್ದ ಕಡೆ ಚಯ ನಡೆದಿತ್ತು. ಇದನ್ನು ಕನ್ನಡದಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದು ಎಂಬುದು ನನಗೆ ದೊಡ್ಡ ಸಂತೋಷ.

ತೊಡಕಿರುವುದು ಕ್ರಿಯಾಪದದಲ್ಲಿ. ಜೀವಕೋಶ ಗ್ಲೂಕೋಸನ್ನು ಏನು 'ಮಾಡುತ್ತದೆ'? 'ಚಯಾಪಚಯಿಸುತ್ತದೆ' ಎಂದು ಯಾರೂ ಅನ್ನಲಾರರು. 'ಅರಗಿಸುತ್ತದೆ' ಎಂದರೆ ಹೊಟ್ಟೆಯ ಕೆಲಸವಾಯಿತು. ಎರಡು ವರ್ಷದ ಹಿಂದೆ ನಾನು 'ತಿನ್ನುತ್ತದೆ' ಎಂದಿದ್ದೆ. ಆಗ ನಮ್ಮ ದೊಡ್ಡಪ್ಪನಿಗೆ ಕರುಳಿನ ಕ್ಯಾನ್ಸರ್, ಕಿಮೋ ನಡೆಯುತ್ತಿತ್ತು. "ನೀನು ಓದೋದು ಇದನ್ನೇ ಅಲ್ವೇನೇ, ಏನದು ಹೇಳು" ಎಂದು ದೊಡ್ಡಮ್ಮ ಕೇಳಿದರು. "ಕ್ಯಾನ್ಸರ್ ಜೀವಕೋಶ ಬೇರೆಯವಕ್ಕಿಂತ ಜಾಸ್ತಿ ಸಕ್ಕರೆ ತಿನ್ನುತ್ತೆ ದೊಡ್ಡಮ್ಮ" ಎಂದೆ. ಮುಂದಿನ ಸಲ ಊರಿಗೆ ಹೋದಾಗ ದೊಡ್ಡಪ್ಪನ ಕಾಫಿಗೆ ಬೆಲ್ಲವಿಲ್ಲ, ತಟ್ಟೆಯಲ್ಲಿ ಬಾಳೆಹಣ್ಣಿಲ್ಲ, ಅನ್ನ ಅರ್ಧ ಸೌಟು. ಮೊದಲೇ ಸೊರಗಿದ್ದ ಮನುಷ್ಯ ಇನ್ನೂ ಇಳಿದುಹೋಗಿದ್ದರು. ಸಕ್ಕರೆ ಬಿಟ್ಟರೂ ರಕ್ತದಲ್ಲಿ ಗ್ಲೂಕೋಸ್ ಇದ್ದೇ ಇರುತ್ತದೆ, ಕಡಿಮೆಯಾದರೆ ಯಕೃತ್ತು ಮೈಯ ಪ್ರೋಟೀನಿನಿಂದಲೂ ಅದನ್ನು ಮಾಡಿಕೊಳ್ಳುತ್ತದೆ, ಈಗ ಅವರಿಗೆ ಹೊಟ್ಟೆತುಂಬ ಊಟ ಬೇಕು ಎಂದು ತಿಳಿಸಿಹೇಳಲು ಒಂದು ಮಧ್ಯಾಹ್ನ ಹಿಡಿಯಿತು. ದೊಡ್ಡಮ್ಮನದು ಏನೂ ತಪ್ಪಲ್ಲ. ಕನ್ನಡದಲ್ಲಿ 'ತಿನ್ನುವುದು' ಎಂದ ಕೂಡಲೇ ಅದಕ್ಕೆ ಹಾಕುವುದೂ ಹಾಕದಿರುವುದೂ ನಮ್ಮ ಕೈಯಲ್ಲಿದೆ ಎಂಬ ಅರ್ಥ ಜೊತೆಗೇ ಬರುತ್ತದೆ. ಅಂದಿನಿಂದ ಆ ಪದವನ್ನು ನಾನು ಬಳಸಿಲ್ಲ.

ಈಗ ಕರಡಿನಲ್ಲಿ ಸಂದರ್ಭಕ್ಕೆ ತಕ್ಕಂತೆ 'ಉರಿಸು', 'ಕಟ್ಟಲು ಬಳಸು', 'ಹುಳಿಸು' ಎಂದು ಮೂರನ್ನು ಇಟ್ಟುಕೊಂಡಿದ್ದೇನೆ. ಹುಳಿಸು ಎಂದದ್ದು ಬೇಕೆಂದೇ. ದೋಸೆಹಿಟ್ಟನ್ನೂ ಮೊಸರನ್ನೂ ಹುಳಿ ಮಾಡುವುದು ಇದೇ ಲ್ಯಾಕ್ಟಿಕ್ ಆಮ್ಲ. ವಾರ್ಬರ್ಗ್ ಕಂಡದ್ದನ್ನು 'ಗಾಳಿಯಿದ್ದೂ ಹುಳಿಯುವುದು' ಎಂದರೆ ನಮ್ಮ ಅಡುಗೆಮನೆಯಲ್ಲಿ ಯಾರಿಗೂ ವಿವರಣೆ ಬೇಕಾಗುವುದಿಲ್ಲ. ಎನ್‌ಜೈಮ್‌ಗೆ ನಾವು ಬಳಸುವ 'ಕಿಣ್ವ' ಎಂಬ ಪದಕ್ಕೂ ಸಂಸ್ಕೃತದಲ್ಲಿ ಮೊದಲಿದ್ದ ಅರ್ಥ ಮದ್ಯ ಹುಳಿಯಲು ಹಾಕುವ ವಸ್ತು ಎಂದೇ. ನಿಘಂಟಿನಲ್ಲಿ ಅದನ್ನು ನೋಡಿದ ದಿನ ನನಗೆ ಧೈರ್ಯ ಬಂತು.

ಎರಡನೆಯದು ಎಪಿಜೆನೆಟಿಕ್ಸ್, ಇದು ಇನ್ನೂ ಕಷ್ಟ. ಡಿಎನ್‌ಎಯ ಅಕ್ಷರಗಳು ಹಾಗೇ ಇದ್ದು, ಯಾವ ಜೀನ್ ಓದಲ್ಪಡುತ್ತದೆ (ಅಂದರೆ ಕೆಲಸಕ್ಕಿಳಿಯುತ್ತದೆ), ಯಾವುದು ಓದದೆ ಉಳಿಯುತ್ತದೆ ಎಂಬುದು ಮಾತ್ರ ಬದಲಾಗುವುದು, ಆ ಬದಲಾವಣೆ ಜೀವಕೋಶ ಒಡೆದು ಎರಡಾದಾಗಲೂ ಉಳಿಯುವುದು: ಹೇಳಬೇಕಾದ್ದು ಇಷ್ಟು. 'ಎಪಿ' ಎಂಬುದಕ್ಕೆ 'ಅಧಿ' ಹಚ್ಚಿದ ಪದಗಳನ್ನೂ 'ಮೇಲು' ಹಚ್ಚಿದವನ್ನೂ ನೋಡಿದ್ದೇನೆ. ಎರಡೂ ನನಗೆ ಹಿಡಿಸಿಲ್ಲ. ಅಧಿಕಾರ, ಅಧಿಪತಿ, ಅಧೀಕ್ಷಕ ಎಂದು ಕೇಳಿ ಬೆಳೆದ ಕಿವಿಗೆ 'ಅಧಿ' ಎಂದರೆ ಜೀನ್‌ಗಳ ಮೇಲೆ ಇನ್ನೊಬ್ಬ ಯಜಮಾನ ಕೂತ ಹಾಗೆ. ಚರಿತ್ರೆಯೂ ಅದಕ್ಕೆ ಒತ್ತಾಸೆಯಾಗಿಲ್ಲ. 1942ರಲ್ಲಿ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ ಎಪಿಜೆನೆಟಿಕ್ಸ್ ಎಂಬ ಪದ ಟಂಕಿಸಿದಾಗ ಮನಸ್ಸಿನಲ್ಲಿದ್ದದ್ದು 'ಎಪಿಜೆನೆಸಿಸ್'. ಅಂದರೆ ಭ್ರೂಣದ ಆಕಾರ ಮೊದಲೇ ಸಿದ್ಧವಾಗಿರದೆ ಹಂತಹಂತವಾಗಿ ಒಡಮೂಡುತ್ತದೆ ಎಂಬ ಹಳೆಯ ವಿಚಾರ. 'ಜೀನ್ ಮೇಲಿನದು' ಎಂಬ ಬಿಡಿಸಿಕೆ ಆಮೇಲೆ ಬಂದದ್ದು.

ಜೀನ್‌ಗೆ ಬಳಕೆಯಲ್ಲಿರುವ 'ವಂಶವಾಹಿ' ಸೇರಿದರೆ ತೊಂದರೆ ಇನ್ನೊಂದು ತೆರ. ವಂಶ ಎಂದ ತಕ್ಷಣ ರೋಗಿಯ ಮನೆಯವರು ಕೇಳುವುದು "ಮಕ್ಕಳಿಗೂ ಬರುತ್ತಾ?" ಎಂದೇ. ನಾನು ಓದುವ ಬದಲಾವಣೆಗಳು ಬಹುಮಟ್ಟಿಗೆ ಆ ಒಂದು ಗಡ್ಡೆಯೊಳಗೇ ಹುಟ್ಟಿ ಅಲ್ಲೇ ಮುಗಿಯುವಂಥವು. ಹಾಗಾಗಿ 'ಜೀನ್' ಎಂದೇ ಉಳಿಸಿಕೊಂಡಿದ್ದೇನೆ.

ಮೊದಲು ಕಾಗುಣಿತದ ಹೋಲಿಕೆ ಹೊಳೆದಿತ್ತು: ಅಕ್ಷರ ಅದೇ, ಚಿಹ್ನೆ ಬೇರೆ. ಎರಡು ದಿನದಲ್ಲಿ ಕೈಬಿಟ್ಟೆ. 'ಕ' 'ಕಿ' ಆದರೆ ಉಚ್ಚಾರವೇ ಬೇರೆ, ಪದವೇ ಬೇರೆ. ಇಲ್ಲಿ ಪದ ಬದಲಾಗುವುದಿಲ್ಲ, ಓದುತ್ತಾರೋ ಇಲ್ಲವೋ ಎಂಬುದಷ್ಟೇ. ಓಲೆಗರಿಯ ಕಟ್ಟು ಹೆಚ್ಚು ಹತ್ತಿರ. ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಬಿಗಿಯಾದರೆ ಆ ಭಾಗ ಓದಲಾಗದು, ಸಡಿಲವಾದರೆ ಓದಬಹುದು. ಕಟ್ಟಿಟ್ಟ ಓಲೆಯಲ್ಲಿ ಬರಹ ಅಳಿದಿರುವುದಿಲ್ಲ. ಬಿಗಿ, ಸಡಿಲ ಎಂದು ತಿಳಿಸಲು ಹಿಸ್ಟೋನಿನ ಮೇಲೂ ಡಿಎನ್‌ಎ ಮೇಲೂ ಸಣ್ಣ ರಾಸಾಯನಿಕ ಗುರುತುಗಳು ಕೂರುತ್ತವೆ. ಅವನ್ನು 'ಓದುಗುರುತು' ಎನ್ನೋಣವೇ? ಎಪಿಜೆನೆಟಿಕ್ಸ್ ಆಗ 'ಓದುಗುರುತಿನ ವಿಜ್ಞಾನ'. ಪುಸ್ತಕದ ನಡುವೆ ಇಡುವ ಪಟ್ಟಿಗೂ ಕೆಲವರು ಇದೇ ಪದ ಬಳಸಬಹುದು ಎಂಬ ಅಳುಕಿದೆ.

ನನ್ನ ಪ್ರಬಂಧದ ತಿರುಳು ಈ ಎರಡು ಪದಗಳು ಕೂಡುವ ಜಾಗದಲ್ಲಿದೆ. ಗುರುತುಗಳು ಎಲ್ಲಿಂದಲೋ ಬರುವುದಿಲ್ಲ, ಚಯಾಪಚಯದ ಸಾಮಗ್ರಿಯಿಂದಲೇ ಆಗುತ್ತವೆ. ಮೀಥೈಲ್ ಗುರುತು ಬರುವುದು ಮಿಥಿಯೊನಿನ್ ಎಂಬ ಅಮೈನೋ ಆಮ್ಲದ ದಾರಿಯಿಂದ, ಅಸಿಟೈಲ್ ಗುರುತು, ಗ್ಲೂಕೋಸೂ ಕೊಬ್ಬೂ ಒಡೆದಾಗ ಸಿಗುವ ಅಸಿಟೈಲ್ ಕೋಎ ಎಂಬ ಅಣುವಿನಿಂದ. ಲ್ಯಾಕ್ಟಿಕ್ ಆಮ್ಲದಿಂದಲೂ ಹಿಸ್ಟೋನಿನ ಮೇಲೆ ಗುರುತು ಬೀಳುತ್ತದೆ ಎಂದು 2019ರಲ್ಲಿ ತಿಳಿಯಿತು. ವಾರ್ಬರ್ಗ್ ಕಾಲದಿಂದ ಕಸವೆಂದು ಎಣಿಸಿದ್ದ ಆ ಹುಳಿ, ಯಾವ ಓಲೆ ಬಿಚ್ಚಬೇಕು ಎಂದು ಹೇಳುವ ಗುರುತಾಗಿ ನಿಂತಿತು.

ಐಡಿಎಚ್1ರ ಕತೆಯನ್ನು ಕರಡಿನಲ್ಲಿ ಹೀಗೆ ಬರೆದಿದ್ದೇನೆ, ದಯವಿಟ್ಟು ತಿದ್ದಿ: "ಮಿದುಳಿನ ಕೆಲವು ಗಡ್ಡೆಗಳಲ್ಲಿ ಐಡಿಎಚ್1 ಎಂಬ ಕಿಣ್ವ ಮಾರ್ಪಟ್ಟಿರುತ್ತದೆ ಎಂದು 2008ರಲ್ಲಿ ಗೊತ್ತಾಯಿತು. ಮಾರ್ಪಟ್ಟ ಕಿಣ್ವ ತನ್ನ ಮಾಮೂಲು ಕೆಲಸ ಬಿಟ್ಟು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತುವನ್ನು ರಾಶಿ ಹಾಕುತ್ತದೆ ಎಂದು ಮರುವರ್ಷ ತಿಳಿಯಿತು. ಓದುಗುರುತುಗಳನ್ನು ಅಳಿಸುವ ಟೆಟ್ ಕಿಣ್ವಗಳಿಗೆ ಬೇಕಾದ ಆಲ್ಫಾ-ಕೀಟೊಗ್ಲುಟರೇಟ್ ಎಂಬ ಇನ್ನೊಂದು ವಸ್ತುವನ್ನು ಇದು ಬಹಳ ಹೋಲುತ್ತದೆ. ಅದರ ಜಾಗದಲ್ಲಿ ಕೂತು ಅಳಿಸುವ ಕೆಲಸವನ್ನು ತಡೆಯುತ್ತದೆ. ಅಳಿಯಬೇಕಾದ ಗುರುತುಗಳು ಉಳಿದು, ಜೀವಕೋಶ ಬಲಿತು ತನ್ನ ಕಸುಬು ಹಿಡಿಯಲು ಬೇಕಾದ ಜೀನ್‌ಗಳು ಓದದೆ ಉಳಿಯುತ್ತವೆ."

'ಬಲಿತು ಕಸುಬು ಹಿಡಿಯುವುದು' ಎಂದದ್ದು ಡಿಫರೆನ್ಸಿಯೇಷನ್‌ಗೆ. ಪಠ್ಯಪುಸ್ತಕದ 'ವಿಭೇದನ' ನನಗೆ ಒಣಗಿದಂತೆ ಕಂಡಿತು. ನಿಮಗೆ ಯಾವುದು ಸರಿಯೆನಿಸುತ್ತದೆ ತಿಳಿಸಿ.

ಇನ್ನೊಂದು ಕೇಳಬೇಕು. 'ಹುಳಿಸು' ಎಂಬುದು ಹಳೇ ಮೈಸೂರು ಕಡೆಯ ನನ್ನ ಕಿವಿಗೆ ಸರಿ. ಧಾರವಾಡ, ಕಲಬುರಗಿ, ಕರಾವಳಿಯ ಕಡೆ ಹಿಟ್ಟು ರಾತ್ರಿ ಕಳೆದು ಹುಳಿ ಬರುವುದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ? ಕೆಟ್ಟುಹೋಗಿ ಹುಳಿತದ್ದಕ್ಕೂ, ಬೇಕೆಂದು ಹುಳಿಸಿದ್ದಕ್ಕೂ ನಿಮ್ಮಲ್ಲಿ ಬೇರೆ ಬೇರೆ ಕ್ರಿಯಾಪದ ಇದ್ದರೆ ದಯವಿಟ್ಟು ಎರಡನ್ನೂ ಬರೆಯಿರಿ.